ರ‍್ಯಾಮ್‌ ಸಾಲಿನಲ್ಲಿ ಕೊನೆಗೆ ನಿಂತವರು

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಬಿಡಿಭಾಗ ಕೊಳ್ಳುವವರಿಗೆ ಒಂದು ಹಳೆಯ ಅನುಕೂಲವಿತ್ತು. ಇವತ್ತು ದರ ವಿಚಾರಿಸಿ, ಮನೆಗೆ ಹೋಗಿ ಯೋಚಿಸಿ, ಮುಂದಿನ ವಾರ ಬಂದರೂ ವಸ್ತು ಅದೇ ಬೆಲೆಗೆ ಸಿಗುತ್ತಿತ್ತು, ಅದೃಷ್ಟವಿದ್ದರೆ ನೂರಿನ್ನೂರು ಕಡಿಮೆಗೇ ಸಿಗುತ್ತಿತ್ತು. ಎಲೆಕ್ಟ್ರಾನಿಕ್ಸ್ ಎಂದರೆ ದಿನ ಕಳೆದಂತೆ ಅಗ್ಗವಾಗುವ ಸರಕು ಎಂಬುದು ಆ ರಸ್ತೆಯ ಅಲಿಖಿತ ನಿಯಮ. 2025ರ ಕೊನೆಯ ತಿಂಗಳುಗಳಲ್ಲಿ ಆ ನಿಯಮ ಮುರಿಯಿತು. ಒಂದು ಅಂಗಡಿಯಲ್ಲಿ 16 ಜಿಬಿ ರ‍್ಯಾಮ್ ದರ ಕೇಳಿದಾಗ ಗಲ್ಲೆಯ ಮೇಲಿದ್ದವರು ಡೀಲರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವನ್ನು ಇನ್ನೊಮ್ಮೆ ನೋಡಿ, "ಸರ್, ಇದು ಸಂಜೆವರೆಗಿನ ರೇಟು, ನಾಳೆದು ನಾಳೆ ಕೇಳಿ" ಎಂದರು. ಚಿನ್ನದಂಗಡಿಯಲ್ಲಿ ಕೇಳಿ ಅಭ್ಯಾಸವಿರುವ ಮಾತು ಬೆರಳುದ್ದದ ಹಸಿರು ಹಲಗೆಯೊಂದಕ್ಕೂ ಅನ್ವಯಿಸತೊಡಗಿತ್ತು.

ಅಂಗಡಿಯವರ ಮಾತಿನ ಹಿಂದೆ ಜಾಗತಿಕ ದರಪಟ್ಟಿಯೇ ಇತ್ತು. ಸ್ಯಾಮ್‌ಸಂಗ್ ಕಂಪನಿಯು 32 ಜಿಬಿಯ, ಹೊಸ ತಲೆಮಾರಿನ ಡಿಡಿಆರ್‌5 ಮೆಮೊರಿ ಮಾಡ್ಯೂಲ್‌ಗೆ 2025ರ ಸೆಪ್ಟೆಂಬರ್‌ನಲ್ಲಿ ಹಾಕುತ್ತಿದ್ದ ಒಪ್ಪಂದದ ದರ 149 ಡಾಲರ್. ನವೆಂಬರ್ ಹೊತ್ತಿಗೆ ಅದು 239 ಡಾಲರ್ ಆಗಿದೆ ಎಂದು ವರದಿಯಾಯಿತು. ಎರಡು ತಿಂಗಳಲ್ಲಿ ಶೇ 60ರ ಏರಿಕೆ. ಇದನ್ನು ಪತ್ರಿಕೆಗಳು "ಮೆಮೊರಿ ಚಿಪ್ ಕೊರತೆ" ಎಂದು ಕರೆದವು. ಕೊರತೆ ಹೌದು. ಆದರೆ 2021ರಲ್ಲಿ ಕಾರುಗಳಿಗೆ ಚಿಪ್ ಸಿಗದೆ ಹೋದಾಗಿನ ಕೊರತೆಗೂ ಇದಕ್ಕೂ ವ್ಯತ್ಯಾಸವಿದೆ. ಅಂದು ಕೋವಿಡ್ ಕಾಲದಲ್ಲಿ ಬೇಡಿಕೆಯ ಅಂದಾಜು ತಪ್ಪಿ ಪೂರೈಕೆ ಸರಪಳಿ ಏರುಪೇರಾಗಿತ್ತು. ಇಂದು ಕಾರ್ಖಾನೆಗಳು ಭರ್ತಿಯಾಗಿ ನಡೆಯುತ್ತಿವೆ. ಅವುಗಳ ಮಾಲು ಬೇರೆ ಬಾಗಿಲಿನಿಂದ ಹೊರಹೋಗುತ್ತಿದೆ, ಅಷ್ಟೆ. ಈ ಉದ್ಯಮ ತನ್ನ ಗಿರಾಕಿ ಯಾರು ಎಂಬುದನ್ನೇ ಬದಲಿಸಿಕೊಂಡಿದೆ ಎನ್ನುವುದು ನನ್ನ ಗ್ರಹಿಕೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಈ ಸರಕಿನ ಸ್ವಭಾವವನ್ನು ಮೊದಲು ನೋಡಬೇಕು.

ಕಂಪ್ಯೂಟರು, ಮೊಬೈಲುಗಳಲ್ಲಿ ನಾವು ರ‍್ಯಾಮ್ ಎನ್ನುವುದು ಬಹುಪಾಲು ಡಿ-ರ‍್ಯಾಮ್. ಐಬಿಎಂನ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡ, 1968ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಬೆರಗಾಗುವಷ್ಟು ಸರಳ. ಒಂದು ಬಿಟ್ ಮಾಹಿತಿಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಕೆಪಾಸಿಟರ್‌ನಲ್ಲಿ ವಿದ್ಯುದಾವೇಶ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ತೊಂದರೆಯೆಂದರೆ ಆ ಕೆಪಾಸಿಟರ್ ತೂತು ಬಿಂದಿಗೆ ಇದ್ದಂತೆ. ತುಂಬಿದ್ದು ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಸೆಕೆಂಡಿಗೆ ಹತ್ತಾರು ಬಾರಿ ಪ್ರತಿ ಬಿಂದಿಗೆಯನ್ನೂ ಇಣುಕಿ ನೋಡಿ ಮತ್ತೆ ತುಂಬಿಸಬೇಕು. ಹಿಂದಿನ ತಲೆಮಾರಿನ ಡಿಡಿಆರ್‌4 ಚಿಪ್‌ನಲ್ಲಿ ಇಡೀ ಸಾಲನ್ನು 64 ಮಿಲಿಸೆಕೆಂಡಿಗೊಮ್ಮೆ ತುಂಬಿಸುವುದು ವಾಡಿಕೆ. ಬಿಂದಿಗೆಯನ್ನು ತೀರಾ ಚಿಕ್ಕದು ಮಾಡಿದರೆ ಅದರಲ್ಲಿ ಅಳೆಯಲು ಸಾಕಾಗುವಷ್ಟು ಆವೇಶವೇ ನಿಲ್ಲುವುದಿಲ್ಲ. ಪ್ರೊಸೆಸರ್ ಚಿಪ್‌ಗಳು ಕುಗ್ಗಿದ ವೇಗದಲ್ಲಿ ಮೆಮೊರಿ ಕುಗ್ಗದಿರಲು ಇದೇ ಕಾರಣ. ಹೆಚ್ಚು ಮೆಮೊರಿ ಬೇಕೆಂದರೆ ಹೆಚ್ಚು ಸಿಲಿಕಾನ್ ವೇಫರ್ (ಚಿಪ್‌ಗಳನ್ನು ರೂಪಿಸುವ ತೆಳು ಬಿಲ್ಲೆ) ಬೇಕು, ಅದಕ್ಕೆ ಬೇರೆ ಸುಲಭ ದಾರಿಯಿಲ್ಲ.

ಇನ್ನೊಂದು ಸಂಗತಿ ವ್ಯಾಪಾರಕ್ಕೆ ಸಂಬಂಧಿಸಿದ್ದು. ಡಿ-ರ‍್ಯಾಮ್‌ನ ಅಳತೆ, ವೋಲ್ಟೇಜ್, ವೇಗ ಎಲ್ಲವನ್ನೂ ಜೆಡೆಕ್ ಎಂಬ ಉದ್ಯಮ ಸಂಸ್ಥೆ ನಿಗದಿಪಡಿಸುತ್ತದೆ. ಆದ್ದರಿಂದ ಒಂದು ಕಂಪನಿಯ ಕಡ್ಡಿ ತೆಗೆದು ಇನ್ನೊಂದು ಕಂಪನಿಯದನ್ನು ಸಿಕ್ಕಿಸಿದರೂ ಯಂತ್ರ ನಡೆಯುತ್ತದೆ. ಪ್ರೊಸೆಸರ್‌ನಲ್ಲಿ ಇಂಟೆಲ್‌ಗೆ ಇದ್ದಂಥ ಹೆಸರಿನ ಹಂಗು ಇಲ್ಲಿಲ್ಲ. ಎಲ್ಲರ ಸರಕೂ ಒಂದೇ ಆದಾಗ ಪೈಪೋಟಿಗೆ ಉಳಿಯುವುದು ಬೆಲೆ ಮಾತ್ರ.

ಕೋಲಾರದ ಎಪಿಎಂಸಿಯನ್ನು ಬಲ್ಲವರಿಗೆ ಇಂಥ ಮಾರುಕಟ್ಟೆ ಹೇಗೆ ಕುಣಿಯುತ್ತದೆ ಎಂದು ವಿವರಿಸಬೇಕಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ದರ ಬಂದಿದೆ ಎಂದು ಎಲ್ಲರೂ ನಾಟಿ ಮಾಡುತ್ತಾರೆ, ಎಲ್ಲರ ಫಸಲೂ ಒಟ್ಟಿಗೇ ಬರುತ್ತದೆ, ಕೊನೆಗೆ ಕಿತ್ತ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿಯಬೇಕಾಗುತ್ತದೆ. ಡಿ-ರ‍್ಯಾಮ್ ಅರ್ಧ ಶತಮಾನದಿಂದ ಇದೇ ಚಕ್ರದಲ್ಲಿ ತಿರುಗುತ್ತಿದೆ. ಟೊಮೆಟೊ ಮೂರು ತಿಂಗಳಲ್ಲಿ ಕೈಗೆ ಬರುತ್ತದೆ, ಸೆಮಿಕಂಡಕ್ಟರ್ ಫ್ಯಾಬ್, ಅಂದರೆ ಚಿಪ್ ಕಾರ್ಖಾನೆ, ಎದ್ದು ನಿಂತು ಮಾಲು ಕೊಡಲು ಎರಡರಿಂದ ಮೂರು ವರ್ಷ ಬೇಕು, ಹೂಡುವ ಮೊತ್ತವೂ ನೂರಾರು ಕೋಟಿ ಡಾಲರ್‌ಗಳಲ್ಲಿರುತ್ತದೆ. ಬೆಲೆ ಬಿದ್ದಾಗ ರೈತ ಬೆಳೆ ಬದಲಿಸಬಹುದು. ಫ್ಯಾಬ್ ಮಾಲೀಕ ಯಂತ್ರ ನಿಲ್ಲಿಸಿದರೂ ಸವಕಳಿ ನಿಲ್ಲುವುದಿಲ್ಲ, ಹಾಗಾಗಿ ನಷ್ಟದಲ್ಲೇ ಉತ್ಪಾದಿಸುತ್ತಾ ಪಕ್ಕದವನು ಮೊದಲು ಮುಳುಗಲಿ ಎಂದು ಕಾಯುತ್ತಾನೆ.

ಪಕ್ಕದವರು ಮುಳುಗಿದರು ಕೂಡ. 1970ರಲ್ಲಿ ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಡಿ-ರ‍್ಯಾಮ್ ಚಿಪ್ ತಂದ ಇಂಟೆಲ್, ಜಪಾನಿನ ಕಂಪನಿಗಳ ದರಸಮರ ತಾಳಲಾರದೆ 1985ರಲ್ಲಿ ಈ ವ್ಯಾಪಾರವನ್ನೇ ಬಿಟ್ಟಿತು. ಜಪಾನಿನ ಎನ್‌ಇಸಿ, ಹಿಟಾಚಿ, ತೋಷಿಬಾಗಳನ್ನು ಹಿಂದಿಕ್ಕಿದ್ದು 1983ರಲ್ಲಷ್ಟೇ ಡಿ-ರ‍್ಯಾಮ್‌ಗೆ ಕಾಲಿಟ್ಟ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್. ಆಗ ಅದು ತಂತ್ರಜ್ಞಾನವನ್ನು ಪರವಾನಗಿ ಪಡೆದು ತಂದಿದ್ದು ಅಮೆರಿಕದ ಇಡಾಹೊ ರಾಜ್ಯದ ಮೈಕ್ರಾನ್ ಎಂಬ ಪುಟ್ಟ ಕಂಪನಿಯಿಂದ. 2009ರಲ್ಲಿ ಜರ್ಮನಿಯ ಕಿಮೊಂಡಾ ದಿವಾಳಿಯಾಯಿತು. ಜಪಾನಿನ ಹಲವು ಕಂಪನಿಗಳು ಸೇರಿ ಉಳಿಸಿಕೊಂಡಿದ್ದ ಎಲ್ಪಿಡಾ 2012ರಲ್ಲಿ ದಿವಾಳಿ ಎದ್ದು, ಮರುವರ್ಷ ಮೈಕ್ರಾನ್ ಪಾಲಾಯಿತು. ಹ್ಯುಂಡೈ ಸಮೂಹದಿಂದ ಹೊರಬಂದು ಹೈನಿಕ್ಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯನ್ನು ಎಸ್‌ಕೆ ಸಮೂಹ 2012ರಲ್ಲಿ ಕೊಂಡಿತು. ಹೀಗೆ ಉಳಿದವರು ಮೂವರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಜಗತ್ತಿನ ಡಿ-ರ‍್ಯಾಮ್ ವರಮಾನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇವರದೇ.

ಮೂವರೇ ಇರುವ ಸಂತೆಯಲ್ಲಿ ಒಬ್ಬರನ್ನೊಬ್ಬರು ಕಣ್ಣಲ್ಲೇ ಅಳೆಯಬಹುದು, ಬಾಯಿಬಿಟ್ಟು ಮಾತಾಡಬೇಕಾಗಿಯೇ ಇಲ್ಲ. ಮಾತಾಡಿ ಸಿಕ್ಕಿಬಿದ್ದದ್ದೂ ಉಂಟು: 1999ರಿಂದ 2002ರವರೆಗೆ ದರ ಹೊಂದಾಣಿಕೆ ಮಾಡಿಕೊಂಡ ಪ್ರಕರಣದಲ್ಲಿ ಸ್ಯಾಮ್‌ಸಂಗ್ 2005ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು, ಹೈನಿಕ್ಸ್ 18.5 ಕೋಟಿ ಡಾಲರ್ ತೆತ್ತಿತು. ಈಗಿನ ಏರಿಕೆಯ ಹಿಂದೆ ಅಂಥ ಒಳಸಂಚು ಇದೆ ಎಂದು ನಾನು ಹೇಳುತ್ತಿಲ್ಲ. ಅದರ ಅಗತ್ಯವೇ ಇಲ್ಲ ಎನ್ನುವುದು ಹೆಚ್ಚು ಕಳವಳದ ಮಾತು. ಪ್ರತಿಯೊಬ್ಬರೂ ತಂತಮ್ಮ ಲಾಭವನ್ನು ಜಾಣತನದಿಂದ ನೋಡಿಕೊಂಡರೂ ಫಲಿತಾಂಶ ಅದೇ ಆಗುತ್ತದೆ.

ಆ ಜಾಣತನ ಕಲಿಸಿದ್ದು 2023. ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಕೊಂಡವರು ಮತ್ತೆ ಕೊಳ್ಳಲಿಲ್ಲ, ಗೋದಾಮುಗಳು ತುಂಬಿದವು, ಬೆಲೆ ಕುಸಿಯಿತು. ಆ ಒಂದು ವರ್ಷದಲ್ಲಿ ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ವಿಭಾಗ 14.88 ಲಕ್ಷ ಕೋಟಿ ವಾನ್, ಎಸ್‌ಕೆ ಹೈನಿಕ್ಸ್ 7.73 ಲಕ್ಷ ಕೋಟಿ ವಾನ್ ಕಾರ್ಯಾಚರಣೆ ನಷ್ಟ ಅನುಭವಿಸಿದವು. ಮೂವರೂ ಉತ್ಪಾದನೆ ತಗ್ಗಿಸಿ ಹೂಡಿಕೆಗೆ ಕತ್ತರಿ ಹಾಕಿದರು. 2023ರಲ್ಲಿ ನೆಲ ಅಗೆಯದ ಫ್ಯಾಬ್ 2025ರಲ್ಲಿ ಮಾಲು ಕೊಡಲಾರದು ಎಂಬ ಸರಳ ಲೆಕ್ಕ ಇಂದಿನ ಬೆಲೆಯಲ್ಲಿ ಅಡಗಿದೆ.

ಇದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ಅಲೆ ಎದ್ದಿತು, ಅದರೊಂದಿಗೆ ಎಚ್‌ಬಿಎಂ (ಹೈ ಬ್ಯಾಂಡ್‌ವಿಡ್ತ್ ಮೆಮೊರಿ) ಎಂಬ ಮೂರಕ್ಷರ ಮುನ್ನೆಲೆಗೆ ಬಂತು. ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಕಥೆಯ ತಿರುಳು ಇಲ್ಲಿದೆ. ಎನ್‌ವಿಡಿಯಾದಂಥ ಕಂಪನಿಗಳ ಎಐ ಚಿಪ್‌ಗಳು ಲೆಕ್ಕ ಮಾಡುವ ವೇಗಕ್ಕೆ ಸಾಮಾನ್ಯ ರ‍್ಯಾಮ್ ದತ್ತಾಂಶ ಉಣಿಸಲಾರದು. ಅದಕ್ಕಾಗಿ ಡಿ-ರ‍್ಯಾಮ್ ಚಿಪ್‌ಗಳಿಗೆ ಮೇಲಿಂದ ಕೆಳಗಿನವರೆಗೆ ಸಾವಿರಾರು ಸೂಕ್ಷ್ಮ ರಂಧ್ರ ಕೊರೆದು ತಾಮ್ರ ತುಂಬಿ, ಅವನ್ನು ಕಾಗದದಷ್ಟು ತೆಳ್ಳಗೆ ಉಜ್ಜಿ, ಎಂಟು ಅಥವಾ ಹನ್ನೆರಡನ್ನು ದೋಸೆ ಪೇರಿಸಿದಂತೆ ಒಂದರ ಮೇಲೊಂದು ಪೇರಿಸಿ, ಆ ಗೋಪುರವನ್ನು ಪ್ರೊಸೆಸರ್‌ನ ಮಗ್ಗುಲಲ್ಲೇ ಕೂರಿಸುತ್ತಾರೆ. ಸಾಮಾನ್ಯ ರ‍್ಯಾಮ್ ಕಡ್ಡಿ 64 ದತ್ತಾಂಶ ಹಾದಿಗಳಲ್ಲಿ ಮಾತಾಡಿದರೆ ಒಂದು ಎಚ್‌ಬಿಎಂ ಗೋಪುರ 1,024 ಹಾದಿಗಳಲ್ಲಿ ಮಾತಾಡುತ್ತದೆ; 2025ರಲ್ಲಿ ಮಾನಕವಾದ ಎಚ್‌ಬಿಎಂ4ರಲ್ಲಿ ಅದು 2,048. ರಂಧ್ರಗಳಿಗೆ ಜಾಗ ಬಿಡಬೇಕು, ಪೇರಿಸುವಾಗ ಒಂದು ಪದರ ಕೆಟ್ಟರೂ ಇಡೀ ಗೋಪುರ ಹಾಳು. ಹೀಗಾಗಿ ಅಷ್ಟೇ ಗಿಗಾಬೈಟ್ ಎಚ್‌ಬಿಎಂ ಮಾಡಲು ಸಾಮಾನ್ಯ ಡಿಡಿಆರ್‌5ಗಿಂತ ಸುಮಾರು ಮೂರು ಪಟ್ಟು ವೇಫರ್ ಬೇಕಾಗುತ್ತದೆ ಎಂದು ಮೈಕ್ರಾನ್ ತಾನೇ ಹೇಳಿದೆ.

ಈ ಮೂರಕ್ಕೊಂದರ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಎಐ ಸರ್ವರಿಗೆ ಹೋಗುವ ಪ್ರತಿ ಗಿಗಾಬೈಟ್ ಎಚ್‌ಬಿಎಂ, ನಮ್ಮ ಲ್ಯಾಪ್‌ಟಾಪು ಮೊಬೈಲುಗಳಿಗೆ ಬರಬೇಕಿದ್ದ ಮೂರು ಗಿಗಾಬೈಟನ್ನು ತಿಂದುಹಾಕುತ್ತದೆ. ಲಾಭದ ಪ್ರಮಾಣ ಅಲ್ಲೇ ಹೆಚ್ಚಿರುವಾಗ ತಯಾರಕರು ವೇಫರನ್ನು ಯಾವ ಕಡೆಗೆ ತಿರುಗಿಸುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಪೈಪೋಟಿಯ ಶ್ರೇಣಿಯೂ ಇದರಿಂದ ತಲೆಕೆಳಗಾಯಿತು. 2013ರಲ್ಲಿ ಎಎಂಡಿ ಜೊತೆ ಸೇರಿ ಮೊದಲ ಎಚ್‌ಬಿಎಂ ರೂಪಿಸಿದ್ದು ಎಸ್‌ಕೆ ಹೈನಿಕ್ಸ್. ಆಗ ಅದಕ್ಕೆ ಹೇಳಿಕೊಳ್ಳುವಂಥ ಗಿರಾಕಿಗಳಿರಲಿಲ್ಲ. ಆದರೂ ಕಂಪನಿ ಕೈಬಿಡಲಿಲ್ಲ. ಎಲ್ಲದರಲ್ಲೂ ಮುಂದಿದ್ದ ಸ್ಯಾಮ್‌ಸಂಗ್ ಇದನ್ನು ಹಗುರವಾಗಿ ತೆಗೆದುಕೊಂಡು, ಎನ್‌ವಿಡಿಯಾದ ಪರೀಕ್ಷೆ ದಾಟಲು ತಿಂಗಳುಗಟ್ಟಲೆ ತಿಣುಕಿತು. 2025ರ ಮೊದಲ ತ್ರೈಮಾಸಿಕದಲ್ಲಿ ಕೌಂಟರ್‌ಪಾಯಿಂಟ್ ಸಂಸ್ಥೆಯ ಲೆಕ್ಕದಂತೆ ಡಿ-ರ‍್ಯಾಮ್ ವರಮಾನದಲ್ಲಿ ಹೈನಿಕ್ಸ್ ಪಾಲು ಶೇ 36, ಸ್ಯಾಮ್‌ಸಂಗ್ ಪಾಲು ಶೇ 34, ಮೈಕ್ರಾನ್ ಪಾಲು ಶೇ 25. 1992ರಿಂದ ಮೊದಲ ಸ್ಥಾನ ಬಿಟ್ಟುಕೊಡದಿದ್ದ ಕಂಪನಿ ಎರಡನೆಯದಾಯಿತು. 2023ರಲ್ಲಿ ನಷ್ಟದಲ್ಲಿದ್ದ ಹೈನಿಕ್ಸ್ 2024ರಲ್ಲಿ 23.47 ಲಕ್ಷ ಕೋಟಿ ವಾನ್, 2025ರಲ್ಲಿ 47.2 ಲಕ್ಷ ಕೋಟಿ ವಾನ್ ಕಾರ್ಯಾಚರಣೆ ಲಾಭ ಕಂಡಿತು. ಪೈಪೋಟಿ ಸತ್ತಿದೆ ಎಂದು ಯಾರೂ ಹೇಳಲಾರರು. ಅದು ತೀವ್ರವಾಗಿಯೇ ಇದೆ, ಆದರೆ ನಾವು ಕೊಳ್ಳುವ ಸರಕಿನ ಮೇಲಲ್ಲ.

2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತನ್ನ ಸ್ಟಾರ್‌ಗೇಟ್ ಡೇಟಾ ಸೆಂಟರ್ ಯೋಜನೆಗಾಗಿ ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಜೊತೆ ಆಶಯ ಪತ್ರಕ್ಕೆ ಸಹಿ ಹಾಕಿದಾಗ ಹೊರಬಂದ ಗುರಿ, ತಿಂಗಳಿಗೆ 9 ಲಕ್ಷ ಡಿ-ರ‍್ಯಾಮ್ ವೇಫರ್. ಆಶಯ ಪತ್ರವೆಂದರೆ ಖರೀದಿ ಆದೇಶವಲ್ಲ. ಅಷ್ಟೂ ವೇಫರ್ ನಿಜಕ್ಕೂ ಕೊಳ್ಳಲಾಗುತ್ತದೆಯೇ ಎಂಬ ಅನುಮಾನ ನನಗಿದೆ. ಆದರೆ ಮಾರುಕಟ್ಟೆ ಅನುಮಾನಕ್ಕೆ ಕಾಯುವುದಿಲ್ಲ. ಸುದ್ದಿ ಕೇಳಿದ ಮಿಕ್ಕ ದೊಡ್ಡ ಖರೀದಿದಾರರು ತಮಗೆಲ್ಲಿ ತಪ್ಪಿಹೋಗುತ್ತದೋ ಎಂದು ದಾಸ್ತಾನಿಗೆ ಮುಗಿಬಿದ್ದರು. ಡಿಸೆಂಬರ್ 3ರಂದು ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರದಿಂದ ಹೊರನಡೆಯುವುದಾಗಿ ಪ್ರಕಟಿಸಿತು. ಮನೆಯಲ್ಲೇ ಕಂಪ್ಯೂಟರ್ ಜೋಡಿಸುವವರು 29 ವರ್ಷದಿಂದ ಬಲ್ಲ ಹೆಸರದು. ಕಾರಣವನ್ನು ಕಂಪನಿ ಮುಚ್ಚಿಡಲಿಲ್ಲ: ಡೇಟಾ ಸೆಂಟರ್‌ಗಳ ಬೇಡಿಕೆ ಏರಿದೆ, ವೇಗವಾಗಿ ಬೆಳೆಯುತ್ತಿರುವ ದೊಡ್ಡ ಗಿರಾಕಿಗಳಿಗೆ ಪೂರೈಕೆ ಹೆಚ್ಚಿಸಬೇಕಿದೆ. 2026ರ ಎಚ್‌ಬಿಎಂ ಉತ್ಪಾದನೆಯಷ್ಟಕ್ಕೂ ದರ ಮತ್ತು ಪ್ರಮಾಣದ ಒಪ್ಪಂದ ಮುಗಿದಿದೆ ಎಂದು ಅದೇ ತಿಂಗಳು ಅದು ಹೂಡಿಕೆದಾರರಿಗೆ ತಿಳಿಸಿತು. ಗಲ್ಲೆಯ ಮುಂದೆ ನಿಂತ ಗಿರಾಕಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ.

ಹಳೆಯ ಡಿಡಿಆರ್‌4ರ ಕಥೆ ಇನ್ನೂ ವಿಚಿತ್ರ. ಹೊಸ ತಲೆಮಾರು ಬಂದಾಗ ಹಳೆಯದು ಅಗ್ಗವಾಗಬೇಕು. ಆದರೆ ತಯಾರಕರು ಡಿಡಿಆರ್‌4 ಉತ್ಪಾದನೆ ನಿಲ್ಲಿಸುವ ಸೂಚನೆ ಕೊಟ್ಟದ್ದೇ ತಡ, ಕೈಗಾರಿಕಾ ನಿಯಂತ್ರಕ, ನೆಟ್‌ವರ್ಕ್ ಉಪಕರಣ, ಸೆಟ್‌ಟಾಪ್ ಬಾಕ್ಸ್ ಮಾಡುವವರು ಕೊನೆಯ ಖರೀದಿಗೆ ಧಾವಿಸಿದರು. 2025ರ ಮಧ್ಯಭಾಗದಲ್ಲಿ ಹಳೆಯದರ ಸ್ಪಾಟ್ ದರ (ಒಪ್ಪಂದವಿಲ್ಲದೆ ಆಗಿಂದಾಗ್ಗೆ ಕೊಳ್ಳುವ ದರ) ಹೊಸದನ್ನು ಮೀರಿಸಿತು. ಒಮ್ಮೆ ಮಂಜೂರಾದ ಸರ್ಕ್ಯೂಟ್ ಹಲಗೆಯ ವಿನ್ಯಾಸ ಬದಲಿಸಿ ಮತ್ತೆ ಪರೀಕ್ಷೆ ಮಾಡಿಸುವ ಖರ್ಚಿಗಿಂತ ಹಳೆಯ ಚಿಪ್ಪಿಗೆ ದುಪ್ಪಟ್ಟು ಕೊಡುವುದೇ ವಾಸಿ ಎನ್ನುವ ಸ್ಥಿತಿ ಪೀಣ್ಯದ ಸಣ್ಣ ಉದ್ಯಮಿಗೂ ಅಪರಿಚಿತವಲ್ಲ.

ಬಿಸಿ ತಟ್ಟುವುದು ಕೆಳಗಿನಿಂದ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಸದಾ ಕಾಣುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 5ರ 16 ಜಿಬಿ ಮಾದರಿ 2025ರ ಡಿಸೆಂಬರ್‌ನಲ್ಲಿ 120 ಡಾಲರ್‌ನಿಂದ 145ಕ್ಕೆ ಏರಿತು. ಮೆಮೊರಿ ದುಬಾರಿಯೇ ಕಾರಣವೆಂದು ಕಂಪನಿ ಬರೆಯಿತು. ಅದರ ಜೊತೆಗೇ ಕೇವಲ 1 ಜಿಬಿಯ ಹೊಸ ಮಾದರಿಯನ್ನು 45 ಡಾಲರಿಗೆ ತಂದಿತು. ಈ ಎರಡನೆಯ ನಡೆಯನ್ನು ಗಮನಿಸಬೇಕು. ಒಂದೂವರೆ ಲಕ್ಷದ ಫೋನಿನಲ್ಲಿ ಮೆಮೊರಿ ಖರ್ಚು ದುಪ್ಪಟ್ಟಾದರೂ ಲಾಭದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ನಿಭಾಯಿಸಬಹುದು. ಹತ್ತು ಸಾವಿರದ ಫೋನಿನಲ್ಲಿ ಬಿಟ್ಟುಕೊಡಲು ಲಾಭವೇ ಇರುವುದಿಲ್ಲ. ಅಲ್ಲಿ ತಯಾರಕರಿಗೆ ಇರುವ ದಾರಿ ಬೆಲೆ ಏರಿಸುವುದು, ಇಲ್ಲವೇ ಬೆಲೆ ಹಾಗೆಯೇ ಇಟ್ಟು 8 ಜಿಬಿ ಇದ್ದಲ್ಲಿ 6 ಅಥವಾ 4 ಹಾಕುವುದು. ಹತ್ತು ರೂಪಾಯಿ ಬಿಸ್ಕತ್ತಿನ ಪೊಟ್ಟಣದಲ್ಲಿ ಬಿಸ್ಕತ್ತು ಕಡಿಮೆಯಾಗುವುದನ್ನು ಕಂಡವರಿಗೆ ಇದು ಹೊಸ ಉಪಾಯವಲ್ಲ.

ಇಂಥ ಬೆಲೆಯಲ್ಲಿ ನಾಲ್ಕನೆಯವರು ಏಕೆ ಸಂತೆಗೆ ಬರುವುದಿಲ್ಲ? ಬಂದಿದ್ದಾರೆ. ಚೀನಾದ ಹೆಫೆಯಲ್ಲಿ 2016ರಲ್ಲಿ ಹುಟ್ಟಿದ ಸಿಎಕ್ಸ್‌ಎಂಟಿ ಕಂಪನಿ ತನ್ನ ಬುನಾದಿಯ ಜ್ಞಾನದ ಒಂದು ಭಾಗವನ್ನು ಪಡೆದದ್ದು ದಿವಾಳಿಯಾದ ಅದೇ ಕಿಮೊಂಡಾದ ದಾಖಲೆಗಳಿಂದ. ಈ ಉದ್ಯಮದಲ್ಲಿ ಸತ್ತವರ ಆಸ್ತಿಗೂ ವಾರಸುದಾರರಿರುತ್ತಾರೆ. ಸ್ಥಳೀಯ ಸರ್ಕಾರದ ಹಣದ ಬಲದಿಂದ ವರ್ಷಗಟ್ಟಲೆ ನಷ್ಟ ತಾಳಿಕೊಂಡು ಬೆಳೆದ ಅದು 2025ರ ಕೊನೆಗೆ ಶಾಂಘೈ ಷೇರುಪೇಟೆಯಿಂದ 2,950 ಕೋಟಿ ಯುವಾನ್ ಎತ್ತಲು ಅರ್ಜಿ ಹಾಕಿತು. ಆದರೆ ಅಮೆರಿಕದ 2022ರ ಅಕ್ಟೋಬರ್ ನಿರ್ಬಂಧಗಳು 18 ನ್ಯಾನೊಮೀಟರ್ ಮತ್ತು ಅದಕ್ಕಿಂತ ಸೂಕ್ಷ್ಮ ಡಿ-ರ‍್ಯಾಮ್ ಮಾಡುವ ಯಂತ್ರೋಪಕರಣ ಚೀನಾಕ್ಕೆ ಹೋಗದಂತೆ ತಡೆಯುತ್ತವೆ, ಅತಿ ಸೂಕ್ಷ್ಮ ಚಿಪ್ ಮುದ್ರಿಸುವ ಇಯುವಿ ಯಂತ್ರಗಳಂತೂ ಅಲ್ಲಿಗೆ ಹೋಗುವಂತೆಯೇ ಇಲ್ಲ. ಇನ್ನೊಂದು ಕಡೆ ಚೀನಾ 2023ರ ಮೇ ತಿಂಗಳಲ್ಲಿ ಮೈಕ್ರಾನ್ ಉತ್ಪನ್ನಗಳನ್ನು ತನ್ನ ಪ್ರಮುಖ ಮೂಲಸೌಕರ್ಯಗಳಿಂದ ಹೊರಗಿಟ್ಟಿತು. ಮೂವರು ದೊಡ್ಡವರು ಬಿಟ್ಟ ಸಾಮಾನ್ಯ ರ‍್ಯಾಮ್‌ನ ಜಾಗವನ್ನು ಚೀನಾ ತುಂಬಿದರೆ ಬೆಲೆ ಇಳಿಯುತ್ತದೆ ಎಂಬ ಆಸೆ ವ್ಯಾಪಾರಿಗಳಲ್ಲಿದೆ. ಆದರೆ ಅಲ್ಲಿಯ ಉತ್ಪಾದನೆ ಮೊದಲು ಅಲ್ಲಿನದೇ ಫೋನು, ಸರ್ವರುಗಳಿಗೆ ಹೋಗುತ್ತದೆ. ಸಾಲು ಇಲ್ಲೂ ಇದೆ, ಸಾಲಿನ ತಲೆಯಲ್ಲಿರುವವರು ಬೇರೆ, ಅಷ್ಟೆ.

ನಮ್ಮ ದೇಶದ ಯೋಜನೆಗಳನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಅಂತರ ಕಾಣುತ್ತದೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಕಾರ್ಯಕ್ರಮ ಪ್ರಕಟಿಸಿತು. ಮೈಕ್ರಾನ್ ಗುಜರಾತಿನ ಸಾಣಂದ್‌ನಲ್ಲಿ 275 ಕೋಟಿ ಡಾಲರ್ ಯೋಜನೆ ಕೈಗೊಂಡಿತು, ಅದರ ಅರ್ಧ ಕೇಂದ್ರದ್ದು, ಶೇ 20 ರಾಜ್ಯದ್ದು. ಮೆಮೊರಿ ಕಂಪನಿಯೇ ಬಂದಿದೆ, ಇನ್ನು ರ‍್ಯಾಮ್ ನಮ್ಮದೇ ಎಂದು ಹಲವರು ಭಾವಿಸಿದ್ದಾರೆ. ಸಾಣಂದ್‌ನ ಕೆಲಸ ಜೋಡಣೆ ಮತ್ತು ಪರೀಕ್ಷೆ. ವೇಫರ್ ಹೊರದೇಶದ ಫ್ಯಾಬ್‌ನಲ್ಲಿ ತಯಾರಾಗಿ ಬರುತ್ತದೆ, ಇಲ್ಲಿ ಅದನ್ನು ಕತ್ತರಿಸಿ, ಕವಚ ಹಾಕಿ, ಪರೀಕ್ಷಿಸಿ ಕಳಿಸುತ್ತಾರೆ. ಟಾಟಾ ಮತ್ತು ತೈವಾನಿನ ಪಿಎಸ್‌ಎಂಸಿ ಸೇರಿ ಧೋಲೇರಾದಲ್ಲಿ 91,000 ಕೋಟಿ ರೂಪಾಯಿಗೆ ಕಟ್ಟುತ್ತಿರುವುದು ನಿಜವಾದ ಫ್ಯಾಬ್. ಆದರೆ ಅದರ ಗುರಿ ವಿದ್ಯುತ್ ನಿರ್ವಹಣೆ, ಡಿಸ್‌ಪ್ಲೇ, ಮೈಕ್ರೊಕಂಟ್ರೋಲರ್ ಚಿಪ್‌ಗಳು. ಮೈಸೂರಿನ ಕೇನ್ಸ್ ಟೆಕ್ನಾಲಜಿ ಕೂಡ ತನ್ನ ಸೆಮಿಕಂಡಕ್ಟರ್ ಘಟಕವನ್ನು ಕಟ್ಟಿದ್ದು ಸಾಣಂದ್‌ನಲ್ಲಿ, ಅದೂ ಜೋಡಣೆಗೆ. ಇವೆಲ್ಲ ಬೇಕಾದವೇ. ಆದರೆ ಡಿ-ರ‍್ಯಾಮ್ ವೇಫರ್ ಮಾಡುವ ಒಂದು ಫ್ಯಾಬ್ ಕೂಡ ಭಾರತದಲ್ಲಿಲ್ಲ, ಹಾಗಾಗಿ ವೇಫರ್ ಯಾವ ಬಾಗಿಲಿನಿಂದ ಹೊರಹೋಗಬೇಕೆಂಬ ತೀರ್ಮಾನದಲ್ಲಿ ನಮಗೆ ಮಾತಿಲ್ಲ.

ಬೆಂಗಳೂರಿನ ವಿಷಯದಲ್ಲಿ ಈ ವೈರುಧ್ಯ ಇನ್ನಷ್ಟು ಎದ್ದು ಕಾಣುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಇದು ಚಿಪ್ ವಿನ್ಯಾಸದ ಊರು. ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಸಂಶೋಧನಾ ಕೇಂದ್ರ ಇಲ್ಲಿದೆ. ಮೆಮೊರಿ ಫ್ಯಾಬ್‌ಗಳಿಗೆ ರಂಧ್ರ ಕೊರೆಯುವ ಯಂತ್ರ ಒದಗಿಸುವ ಲ್ಯಾಮ್ ರಿಸರ್ಚ್ 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 10,000 ಕೋಟಿ ರೂಪಾಯಿಗೂ ಹೆಚ್ಚು ಹೂಡುವುದಾಗಿ ಹೇಳಿತು, ಅಪ್ಲೈಡ್ ಮೆಟೀರಿಯಲ್ಸ್ 2023ರಲ್ಲೇ 40 ಕೋಟಿ ಡಾಲರ್ ಘೋಷಿಸಿತ್ತು. ಅಂದರೆ ಕೊರಿಯಾದ ಗೋಪುರಗಳಿಗೆ ಬೇಕಾದ ಬುದ್ಧಿಯ ಒಂದು ಪಾಲು ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಹುಟ್ಟುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಎಸ್‌.ಪಿ. ರಸ್ತೆಗೆ ಸರಕು ಬರುವ ಹೊತ್ತಿಗೆ ದರ ದಿನಕ್ಕೊಂದು.

ಇಳಿಕೆ ಬರುವುದೇ ಇಲ್ಲವೆಂದಲ್ಲ. ಮೈಕ್ರಾನ್‌ನ ಇಡಾಹೊ ಫ್ಯಾಬ್‌ನಿಂದ ಮೊದಲ ವೇಫರ್ 2027ರ ಮಧ್ಯದಲ್ಲಿ ಹೊರಬರುವ ನಿರೀಕ್ಷೆಯಿದೆ, ಸ್ಯಾಮ್‌ಸಂಗ್‌ನ ಪ್ಯೊಂಗ್‌ಟೆಕ್‌ನ ಐದನೆಯ ಘಟಕ 2028ಕ್ಕೆ. ಟೊಮೆಟೊ ಲೆಕ್ಕದಂತೆ ಎಲ್ಲರ ಫಸಲೂ ಒಟ್ಟಿಗೆ ಬಂದಾಗ ಎಐ ಹೂಡಿಕೆ ಸ್ವಲ್ಪ ತಣ್ಣಗಾದರೂ ಸಾಕು, 2023 ಮರುಕಳಿಸೀತು. ಈ ಭಯ ಮೂವರಿಗೂ ಇದೆ. ಆದ್ದರಿಂದಲೇ ಅವರು ಈ ಬಾರಿ ದೊಡ್ಡ ಗಿರಾಕಿಗಳಿಂದ ಹಲವು ವರ್ಷಗಳ ಒಪ್ಪಂದವನ್ನೂ ಮುಂಗಡವನ್ನೂ ಬಯಸುತ್ತಿದ್ದಾರೆ. ಬೆಲೆ ಬಿದ್ದಾಗ ನಷ್ಟ ಹೊರುವವರು ಯಾರೆಂದು ಈಗಲೇ ಬರೆಸಿಟ್ಟುಕೊಳ್ಳುವ ಪ್ರಯತ್ನವಿದು. ಅಂಥ ಒಪ್ಪಂದಕ್ಕೆ ಸಹಿ ಹಾಕುವ ಶಕ್ತಿ ಗೂಗಲ್, ಮೈಕ್ರೊಸಾಫ್ಟ್‌ಗಳಿಗಿದೆ. ತಿಂಗಳಿಗೆ ಇನ್ನೂರು ಕಂಪ್ಯೂಟರ್ ಜೋಡಿಸಿ ಶಾಲೆ, ಸಹಕಾರ ಸಂಘಗಳಿಗೆ ಕೊಡುವ ವ್ಯಾಪಾರಿಗೆ ಇಲ್ಲ. ಟೆಂಡರ್‌ನಲ್ಲಿ ಬರೆದುಕೊಟ್ಟ ದರ ಆರು ತಿಂಗಳು ಬದಲಾಗುವಂತಿಲ್ಲ, ಡೀಲರ್ ಕೊಡುವ ದರ ಸಂಜೆಗೆ ಮುಗಿಯುತ್ತದೆ.

ಅಂಗಡಿಯ ಮೂಲೆಯಲ್ಲಿ ಹುಡುಗನೊಬ್ಬ ಕಚೇರಿಗಳಿಂದ ಹರಾಜಿನಲ್ಲಿ ಬಂದ ಹಳೆಯ ಲ್ಯಾಪ್‌ಟಾಪ್‌ಗಳ ಹಿಂಬದಿ ಬಿಚ್ಚಿ, ರ‍್ಯಾಮ್ ಕಡ್ಡಿ ತೆಗೆದು, ಅದರ ಚಿನ್ನದ ಲೇಪದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಡಬ್ಬಿಗೆ ಹಾಕುತ್ತಿದ್ದ. ಮೊದಲೆಲ್ಲ ಲ್ಯಾಪ್‌ಟಾಪನ್ನು ಇಡಿಯಾಗಿಯೇ ಮಾರುತ್ತಿದ್ದರಂತೆ. ಈಗ ರ‍್ಯಾಮ್ ಬೇರೆ, ಉಳಿದದ್ದು ಬೇರೆ.